ಪರ್ಚೇಸ್ ಸೀಟಿನಿಂದ ಸೋರ್ಸಿಂಗ್ ತಂಡಕ್ಕೆ: ಯಾವ ತರಬೇತಿ ಪಡೆಯಲಿ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ತಯಾರಿಸುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಏಳು ವರ್ಷದಿಂದ ಇದ್ದೇನೆ. ಕೊಟೇಶನ್ ತರಿಸುವುದು, ಪಿಒ (ಖರೀದಿ ಆದೇಶ) ಹಾಕುವುದು, ಮಾಲು ಬರುವವರೆಗೆ ಫೋನ್ ಮಾಡುತ್ತಿರುವುದು, ಇಷ್ಟೇ ನನ್ನ ಕೆಲಸ. ಈಗ ಕಂಪನಿಯವರು 'ಸ್ಟ್ರಾಟೆಜಿಕ್ ಸೋರ್ಸಿಂಗ್' ತಂಡ ಕಟ್ಟುತ್ತಿದ್ದಾರೆ. ತರಬೇತಿ ಪಡೆದರೆ ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಸಿಐಪಿಎಸ್, ಸಿಪಿಎಸ್‌ಎಂ, ಐಐಎಂಎಂ ಡಿಪ್ಲೊಮಾ ಎಂದು ಏನೇನೋ ಹೆಸರು ಕೇಳಿದ್ದೇನೆ. ಹೋಟೆಲಿನಲ್ಲಿ ನಡೆಯುವ ಎರಡು ದಿನದ ವರ್ಕ್‌ಶಾಪ್ ಸಾಕು ಅಂತಲೂ ಕೆಲವರು ಹೇಳುತ್ತಾರೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಪುಟಗಟ್ಟಲೆ ಬರೆಯುವುದು ಕಷ್ಟ. ಯಾವುದಕ್ಕೆ ಸೇರಲಿ?

ಉತ್ತರ: ಮೊದಲು ಕಾಸ್ಟಿಂಗ್ ಲೆಕ್ಕ ಕಲಿಯಿರಿ. ಅಂದರೆ ಒಂದು ಭಾಗಕ್ಕೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ ಎಂದು ನೀವೇ ಕೂತು ಹಾಕುವ ಲೆಕ್ಕ. ಆಮೇಲೆ ಸಿಪಿಎಸ್‌ಎಂ ಸರ್ಟಿಫಿಕೇಟ್ ಅಥವಾ ಐಐಎಂಎಂ ಡಿಪ್ಲೊಮಾ, ಇವು ಏನು ಎಂದು ಮುಂದೆ ಹೇಳುತ್ತೇನೆ. ಚೌಕಾಸಿ ಕಲಿಸುವ ಎರಡು ದಿನದ ವರ್ಕ್‌ಶಾಪ್ ಎಲ್ಲಕ್ಕಿಂತ ಕೊನೆಗೆ ಇರಲಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಚೌಕಾಸಿಯಿಂದ ಶುರು ಮಾಡಿ ಅಲ್ಲೇ ನಿಂತುಬಿಡುತ್ತಾರೆ. ಯಾಕೆ ಈ ಕ್ರಮ ಅಂತ ವಿವರವಾಗಿ ಹೇಳುತ್ತೇನೆ.

ನಿಮ್ಮ ಈಗಿನ ಕೆಲಸಕ್ಕೂ ಸೋರ್ಸಿಂಗ್ ಕೆಲಸಕ್ಕೂ ಇರುವ ವ್ಯತ್ಯಾಸ ಏನು? ಈಗ ಇಂಡೆಂಟ್ (ಇಂಥದ್ದು ತರಿಸಿ ಎಂಬ ಬೇಡಿಕೆ ಚೀಟಿ) ಬಂದ ಮೇಲೆ ನಿಮ್ಮ ಕೆಲಸ ಶುರುವಾಗುತ್ತದೆ. ಏನು ಬೇಕು, ಎಷ್ಟು ಬೇಕು, ಯಾವತ್ತಿಗೆ ಬೇಕು ಎನ್ನುವುದನ್ನೆಲ್ಲ ಬೇರೆಯವರು ತೀರ್ಮಾನಿಸಿ ಆಗಿರುತ್ತದೆ. ನಿಮಗೆ ಉಳಿಯುವುದು ದರ ಮತ್ತು ತಾರೀಕು ಮಾತ್ರ. ಸೋರ್ಸಿಂಗ್‌ನಲ್ಲಿ ಇಂಡೆಂಟ್ ಹುಟ್ಟುವ ಮೊದಲೇ ನೀವು ಇರುತ್ತೀರಿ. ಇದನ್ನು ಹೊರಗಿನಿಂದ ತರಬೇಕಾ, ನಾವೇ ಮಾಡಬೇಕಾ? ಒಬ್ಬರೇ ಸಪ್ಲೈಯರ್ ಸಾಕಾ, ಇಬ್ಬರು ಬೇಕಾ? ಡ್ರಾಯಿಂಗ್‌ನಲ್ಲಿ ಇಷ್ಟು ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ನಿಜವಾಗಿ ಬೇಕಾ? ಇಂಥ ಮಾತು ಆಡಬೇಕಾದರೆ ಡಿಸೈನ್ ವಿಭಾಗದವರ ಎದುರು, ಅಕೌಂಟ್ಸ್ ವಿಭಾಗದವರ ಎದುರು ಕೂರಬೇಕು. ಬರಿಗೈಯಲ್ಲಿ ಕೂತರೆ ಯಾರೂ ಕೇಳುವುದಿಲ್ಲ, ಲೆಕ್ಕ ಹಿಡಿದು ಕೂರಬೇಕು.

ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು. ನಿಮ್ಮ ಕಂಪನಿಯ ದರ ಹಾಕಿ ನೀವೇ ಮತ್ತೆ ಮಾಡಿ. ಎಂಟು ಕೆಜಿಯ ಎರಕದ ಬ್ರಾಕೆಟ್ ಒಂದಿದೆ ಎಂದುಕೊಳ್ಳಿ. ಸಪ್ಲೈಯರ್ ಕೊಟೇಶನ್ ಪೀಸಿಗೆ 1,850 ರೂಪಾಯಿ. ನೀವು ಲೆಕ್ಕಕ್ಕೆ ಕೂರುತ್ತೀರಿ. ಎರಕ ಕೆಜಿಗೆ 110ರಂತೆ 880. ವಿಎಂಸಿ (ಒಂದು ಬಗೆಯ ಸಿಎನ್‌ಸಿ ಯಂತ್ರ) ಮೇಲೆ 40 ನಿಮಿಷ, ಗಂಟೆಗೆ 600ರಂತೆ 400. ತಪಾಸಣೆ, ಪ್ಯಾಕಿಂಗ್, ಸಾಗಾಟ ಎಲ್ಲ ಸೇರಿ 80. ಅಲ್ಲಿಗೆ 1,360 ಆಯಿತು. ಓವರ್‌ಹೆಡ್ ಮತ್ತು ಲಾಭ ಅಂತ ಶೇ 15 ಸೇರಿಸಿದರೆ 1,564. ಅವರು ಕೇಳುತ್ತಿರುವುದಕ್ಕೂ ನಿಮ್ಮ ಲೆಕ್ಕಕ್ಕೂ 286 ರೂಪಾಯಿ ಅಂತರ.

ಇಲ್ಲಿ ಹೆಚ್ಚಿನ ಪರ್ಚೇಸ್‌ನವರು ಫೋನ್ ಎತ್ತಿಕೊಂಡು 'ಇನ್ನೂರೈವತ್ತು ಬಿಡಿ' ಎನ್ನುತ್ತಾರೆ. ನೀವು ಹಾಗೆ ಮಾಡಬೇಡಿ. ಸಪ್ಲೈಯರ್ ಶೆಡ್ಡಿಗೆ ಹೋಗಿ, ಯಂತ್ರದ ಪಕ್ಕ ನಿಂತು ಕೇಳಿ. ಮೂರು ಕಾರಣ ಸಿಕ್ಕವು ಎಂದುಕೊಳ್ಳಿ. ಮೊದಲನೆಯದಾಗಿ, ನಿಮ್ಮ ಕಂಪನಿ ಒಂದು ಸಲಕ್ಕೆ 25 ಪೀಸ್ ಮಾತ್ರ ಆರ್ಡರ್ ಕೊಡುತ್ತದೆ. ಫಿಕ್ಸ್ಚರ್ (ಭಾಗವನ್ನು ಹಿಡಿದಿಡುವ ಸಾಧನ) ಕಟ್ಟಿ, ಟೂಲ್ ಹೊಂದಿಸಿ, ಮೊದಲ ಪೀಸ್ ಓಕೆ ಮಾಡಿಸುವುದಕ್ಕೆ ನಾಲ್ಕು ಗಂಟೆ ಬೇಕು. ಅದು 2,400 ರೂಪಾಯಿ. 25ಕ್ಕೆ ಹಂಚಿದರೆ ಪೀಸಿಗೆ 96. ಎರಡನೆಯದು, ಯಾವ ಫೌಂಡ್ರಿಯಿಂದ ಎರಕ ತರಬೇಕು ಎಂದು ಹೇಳಿದ್ದು ನಿಮ್ಮ ಡಿಸೈನ್ ವಿಭಾಗವೇ. ಆ ಎರಕದಲ್ಲಿ ಬ್ಲೋ ಹೋಲ್ (ಒಳಗೆ ಗಾಳಿ ಸಿಕ್ಕಿ ಆಗುವ ತೂತು) ಬರುತ್ತದೆ. ಅದು ಕಾಣುವುದು ಮೆಷಿನಿಂಗ್ ಮುಗಿದ ಮೇಲೆ. ನೂರಕ್ಕೆ ಐದು ಪೀಸ್ ಹಾಳಾದರೂ ಎರಕದ ದುಡ್ಡು, ಮೆಷಿನಿಂಗ್ ದುಡ್ಡು ಎರಡೂ ಹೋಗಿ ಪೀಸಿಗೆ 64 ರೂಪಾಯಿ ಬೀಳುತ್ತದೆ. ಮೂರನೆಯದು, ನಿಮ್ಮ ಕಂಪನಿ ಹಣ ಕೊಡುವುದು 90 ದಿನಕ್ಕೆ. ಸುಮಾರು 1,600 ರೂಪಾಯಿಗೆ ವರ್ಷಕ್ಕೆ ಶೇ 12ರ ಬಡ್ಡಿ ಹಾಕಿದರೆ ಮೂರು ತಿಂಗಳಿಗೆ 48. ಮೂರೂ ಸೇರಿ 208.

286ರಲ್ಲಿ 208ಕ್ಕೆ ಕಾರಣ ಸಿಕ್ಕಿತು. ಅದಷ್ಟೂ ನಿಮ್ಮ ಕಂಪನಿಯಿಂದಲೇ ಹುಟ್ಟಿದ ಖರ್ಚು. ಉಳಿದ 78 ರೂಪಾಯಿಗೆ ಬೇಕಾದರೆ ಚೌಕಾಸಿ ಮಾಡಿ, ನ್ಯಾಯವಾಗಿರುತ್ತದೆ. ಆದರೆ ಆರ್ಡರ್ 25ರ ಬದಲು 100 ಪೀಸಿಗೆ ಕೊಟ್ಟರೆ ಸೆಟ್ಟಿಂಗ್ ಖರ್ಚು 96ರಿಂದ 24ಕ್ಕೆ ಇಳಿಯುತ್ತದೆ. ಅಲ್ಲೇ 72 ರೂಪಾಯಿ ಉಳಿಯಿತು, ಯಾರ ಹೊಟ್ಟೆ ಮೇಲೂ ಹೊಡೆಯದೆ. ಸ್ಟಾಕ್ ಜಾಸ್ತಿಯಾಗುತ್ತದೆ ಎಂದು ಸ್ಟೋರ್ಸ್‌ನವರು ತಕರಾರು ತೆಗೆಯುತ್ತಾರೆ. ಹಾಗಿದ್ದರೆ ಸಪ್ಲೈಯರ್ 100 ಮಾಡಿಟ್ಟುಕೊಂಡು ನಿಮಗೆ 25ರಂತೆ ಕಳಿಸಲಿ, ಉಳಿದದ್ದನ್ನು ನಾವು ತೆಗೆದುಕೊಳ್ಳುತ್ತೇವೆ ಎಂದು ಬರೆದುಕೊಡಿ. ಇಂಥ ಏರ್ಪಾಡು ಮಾಡಲು ಬಂದರೆ ನೀವು ಸೋರ್ಸಿಂಗ್ ಕೆಲಸಕ್ಕೆ ಬಂದಿದ್ದೀರಿ ಎಂದರ್ಥ, ಸರ್ಟಿಫಿಕೇಟ್ ಇರಲಿ ಬಿಡಲಿ.

ಆ 90 ದಿನದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಇಲ್ಲಿ ಕಾನೂನೇ ಇದೆ. ಸಪ್ಲೈಯರ್ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪೋರ್ಟಲ್) ನೋಂದಣಿ ಮಾಡಿಸಿದ ಮೈಕ್ರೋ ಅಥವಾ ಸ್ಮಾಲ್ ಘಟಕವಾಗಿದ್ದರೆ, 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಒಪ್ಪಂದ ಮಾಡಿಕೊಂಡರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ತುಂಬ ಕಾಲ ಯಾರೂ ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಬಡ್ಡಿ ಕೇಳಿದರೆ ಆರ್ಡರ್ ಹೋಗುತ್ತದೆ ಎಂಬ ಭಯ ಸಪ್ಲೈಯರ್‌ಗೆ ಇರುತ್ತಿತ್ತು. 2023ರ ಹಣಕಾಸು ಕಾಯ್ದೆಯಲ್ಲಿ ಆದಾಯ ತೆರಿಗೆಯ 43ಬಿ(ಎಚ್) ಕಲಮು ಬಂದ ಮೇಲೆ ಲೆಕ್ಕ ಬದಲಾಯಿತು. ಗಡುವು ಮೀರಿ ಬಾಕಿ ಇಟ್ಟರೆ, ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಲು ಬಿಡುತ್ತಾರೆ. ಮಾರ್ಚ್ ಬಂತೆಂದರೆ ಅಕೌಂಟ್ಸ್ ಮ್ಯಾನೇಜರೇ ನಿಮ್ಮ ಟೇಬಲ್ಲಿಗೆ ಬಂದು ಸಣ್ಣ ಸಪ್ಲೈಯರ್‌ಗಳ ಪಟ್ಟಿ ಕೇಳುವುದು ಇದಕ್ಕೇ. ಲಂಡನ್‌ನಲ್ಲೋ ಅಮೆರಿಕದಲ್ಲೋ ಬರೆದ ಪಠ್ಯದಲ್ಲಿ ಇದು ಸಿಗುವುದಿಲ್ಲ. ಜಿಎಸ್‌ಟಿಯೂ ಹಾಗೇ. ಸಪ್ಲೈಯರ್ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಸಲ್ಲಿಸದಿದ್ದರೆ ಬಿಲ್ಲು ನಿಮ್ಮ 2ಬಿ ಪಟ್ಟಿಗೆ (ನಿಮ್ಮ ಖರೀದಿ ಬಿಲ್ಲುಗಳ ಪಟ್ಟಿ) ಬರುವುದಿಲ್ಲ, ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಲು ಆಗುವುದಿಲ್ಲ. ಶೇ 18 ತೆರಿಗೆ ಇರುವ ಭಾಗವನ್ನು ಶೇ 2 ಕಡಿಮೆಗೆ ಕೊಟ್ಟ ಅಂಥ ಸಪ್ಲೈಯರ್ ನಿಮಗೆ ಅಗ್ಗವಾ? ನೀವು ಯಾವುದೇ ತರಬೇತಿಗೆ ಸೇರುವ ಮುನ್ನ ಈ ಎರಡು ವಿಷಯ ಪಾಠದಲ್ಲಿ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮ ಅಕೌಂಟ್ಸ್ ವಿಭಾಗದವರ ಹತ್ತಿರ ಒಂದು ಸಂಜೆ ಕೂತು ಕಲಿತುಕೊಳ್ಳಿ.

ಇನ್ನು 'ಸ್ಟ್ರಾಟೆಜಿಕ್' ಎನ್ನುವ ಭಾಗ. ಎಲ್ಲ ಕೋರ್ಸ್‌ಗಳಲ್ಲೂ ಒಂದು ಚೌಕ ತೋರಿಸುತ್ತಾರೆ. ಸಲಹಾ ಕಂಪನಿ ಮೆಕಿನ್ಸಿಯ ಪೀಟರ್ ಕ್ರಾಲ್ಜಿಕ್ 1983ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಕೊಟ್ಟಿದ್ದು. ಎರಡೇ ಪ್ರಶ್ನೆ. ಈ ವಸ್ತುವಿನಿಂದ ನಮ್ಮ ಲಾಭಕ್ಕೆ ಎಷ್ಟು ಪೆಟ್ಟು? ಇದು ಸಿಗದೇ ಹೋಗುವ ಅಪಾಯ ಎಷ್ಟು? ಇದರ ಮೇಲೆ ವಸ್ತುಗಳನ್ನೆಲ್ಲ ನಾಲ್ಕು ಮನೆಗೆ ಹಾಕಬೇಕು. ಪಿಪಿಟಿಯಲ್ಲಿ ನೋಡಿದರೆ ಐದು ನಿಮಿಷದ ವಿಷಯ. ನಿಮ್ಮ ಕಂಪನಿಯ ಮಾಲಿನ ಮೇಲೆ ಹಾಕಿ ನೋಡಿದರೆ ಒಂದು ವಾರ ನಿದ್ದೆ ಬರುವುದಿಲ್ಲ.

ಕೈಗವಸು, ಎಣ್ಣೆ ಬಟ್ಟೆ, ಸ್ಟೇಶನರಿ ಇವೆಲ್ಲ ಸಾಮಾನ್ಯದ ಮನೆ. ಇದಕ್ಕೆ ಮೂರು ಕೊಟೇಶನ್ ತರಿಸುತ್ತಾ ದಿನ ಕಳೆಯಬೇಡಿ, ವರ್ಷದ ದರ ಒಪ್ಪಂದ ಮಾಡಿ ಮುಗಿಸಿ. ಶೀಟ್ ಮೆಟಲ್ ಕವರ್, ಪೇಂಟಿಂಗ್, ಸಾಮಾನ್ಯ ಮೆಷಿನಿಂಗ್ ಇವೆಲ್ಲ ಪೀಣ್ಯದಲ್ಲೇ ಬೀದಿಗೊಬ್ಬರು ಮಾಡುತ್ತಾರೆ. ದುಡ್ಡು ಜಾಸ್ತಿ, ಅಪಾಯ ಕಡಿಮೆ. ಸ್ಪರ್ಧೆ ಹಚ್ಚಬೇಕಾದದ್ದು ಇಲ್ಲಿ. ಸಿಎನ್‌ಸಿ ಕಂಟ್ರೋಲರ್, ಬಾಲ್ ಸ್ಕ್ರೂ, ದೊಡ್ಡ ಬೆಡ್ (ಯಂತ್ರದ ಅಡಿಭಾಗ) ಎರಕ ಇವು ದುಡ್ಡೂ ಜಾಸ್ತಿ, ಅಪಾಯವೂ ಜಾಸ್ತಿ. ಬೆಳಗಾವಿಯಲ್ಲೋ ಶಿವಮೊಗ್ಗದಲ್ಲೋ ಬೆಡ್ ಎರಕ ಮಾಡಿಕೊಡುವ ಫೌಂಡ್ರಿ ಬದಲಿಸಬೇಕೆಂದರೆ ಪ್ಯಾಟರ್ನ್ (ಎರಕದ ಅಚ್ಚಿಗೆ ಮಾದರಿ) ಸಾಗಿಸಬೇಕು, ಸ್ಯಾಂಪಲ್ ಎರಕ ತೆಗೆಯಬೇಕು, ಮೆಷಿನ್ ಮಾಡಿ ನೋಡಬೇಕು, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಂಥವರ ಜೊತೆ ಮುಂದಿನ ವರ್ಷದ ಫೋರ್‌ಕಾಸ್ಟ್ ಹಂಚಿಕೊಳ್ಳಬೇಕು, ಅವರ ಮಾಲೀಕರು ಮತ್ತು ನಿಮ್ಮ ಮಾಲೀಕರು ವರ್ಷಕ್ಕೊಮ್ಮೆಯಾದರೂ ಎದುರು ಬದುರು ಕೂರಬೇಕು.

ನಾಲ್ಕನೆಯ ಮನೆಯೇ ಕಳ್ಳ ಮನೆ. ಬೆಲೆ ಚಿಕ್ಕದು, ಒಬ್ಬನೇ ಕೊಡುವವನು. ಯಾವುದೋ ವಿಶೇಷ ಸೀಲ್, ಒಂದು ಸೆನ್ಸರ್, ಒಂದು ಕನೆಕ್ಟರ್. ವರ್ಷಕ್ಕೆ ಕೆಲವು ಸಾವಿರದ ವಸ್ತು, ಅದಿಲ್ಲದೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಅಸೆಂಬ್ಲಿಯಲ್ಲಿ ನಿಂತಿರುತ್ತದೆ. ಖರ್ಚಿನ ಮೊತ್ತ ನೋಡಿ ಮಾಡುವ ಎಬಿಸಿ ವಿಂಗಡಣೆಯಲ್ಲಿ ಇದು 'ಸಿ' ಎಂದು ಬಂದಿರುತ್ತದೆ, ಯಾರೂ ತಿರುಗಿ ನೋಡಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ರೇರ್ ಅರ್ತ್ ಲೋಹಗಳ ಮತ್ತು ಅವುಗಳ ಮ್ಯಾಗ್ನೆಟ್‌ಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದಾಗ ನಮ್ಮ ದೇಶದ ವಾಹನ ಕಂಪನಿಗಳು ಪರದಾಡಿದ್ದು ನೆನಪಿದೆಯಲ್ವಾ? ಗಾಡಿಯ ಬೆಲೆಗೆ ಹೋಲಿಸಿದರೆ ಮ್ಯಾಗ್ನೆಟ್ ಬೆಲೆ ಲೆಕ್ಕಕ್ಕೇ ಇಲ್ಲ.

ಒಬ್ಬರೇ ಸಪ್ಲೈಯರ್ ಇರುವುದು ಯಾವಾಗಲೂ ತಪ್ಪು ಅಂತಲ್ಲ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಸೇಕಿ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಪಿ-ವಾಲ್ವ್ ಬಹುತೇಕ ಎಲ್ಲವೂ ಅಲ್ಲಿಂದಲೇ ಬರುತ್ತಿತ್ತು. ಟೊಯೋಟಾ ಹತ್ತಿರ ಸ್ಟಾಕ್ ಇದ್ದದ್ದು ಗಂಟೆಗಳ ಲೆಕ್ಕದಲ್ಲಿ. ಕಾರ್ಖಾನೆಗಳು ನಿಂತವು. ಆದರೆ ಕೆಲವೇ ದಿನದಲ್ಲಿ ಬೇರೆ ಬೇರೆ ಸಪ್ಲೈಯರ್‌ಗಳು ಡ್ರಾಯಿಂಗ್ ತರಿಸಿಕೊಂಡು ವಾಲ್ವ್ ಮಾಡತೊಡಗಿದರು. ಅವರಲ್ಲಿ ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕೂಡ ಒಬ್ಬರು. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಹಳಿಗೆ ಬಂತು. ದರ ಎಷ್ಟು ಎಂದು ಮೊದಲು ಕೇಳಿ ಕೂತಿದ್ದರೆ ಅದು ಆಗುತ್ತಿರಲಿಲ್ಲ. ಸಪ್ಲೈಯರ್ ಜೊತೆಗಿನ ಸಂಬಂಧ ಎಂದು ಕೋರ್ಸ್‌ಗಳಲ್ಲಿ ಹೇಳುವುದನ್ನು ಒಂದೇ ಘಟನೆಯಲ್ಲಿ ತೋರಿಸು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ನಮ್ಮ ಕಡೆ ತಿಂಗಳ ಕೊನೆಗೆ ವೆಂಡರ್ ರೇಟಿಂಗ್ ಎಂದು ಒಂದು ಪುಟ ಕಳಿಸಿ, ನಿಮಗೆ 'ಸಿ' ಗ್ರೇಡ್ ಬಂದಿದೆ ಎಂದು ಹೇಳುವುದೇ ಸಪ್ಲೈಯರ್ ಮ್ಯಾನೇಜ್‌ಮೆಂಟ್ ಆಗಿಬಿಟ್ಟಿದೆ. ಅದೇ ಪುಟದ ಇನ್ನೊಂದು ಕಡೆ ನಮ್ಮ ಲೆಕ್ಕವೂ ಇರಬೇಕು. ಡ್ರಾಯಿಂಗ್ ಎಷ್ಟು ಸಲ ಬದಲಿಸಿದೆವು, ಒಪ್ಪಿದ ಲೀಡ್ ಟೈಮ್‌ಗಿಂತ ಎಷ್ಟು ಕಡಿಮೆ ದಿನ ಕೊಟ್ಟು ಪಿಒ ಹಾಕಿದೆವು, ಹಣ ಎಷ್ಟು ದಿನಕ್ಕೆ ಕೊಟ್ಟೆವು. ಇದನ್ನು ಬರೆಯಲು ಒಪ್ಪುವ ಕಂಪನಿಯಲ್ಲಿ ಡೆಲಿವರಿ ತಾನಾಗಿಯೇ ಸುಧಾರಿಸುವುದನ್ನು ನಾನು ಕಂಡಿದ್ದೇನೆ.

ಸರಿ, ಕೋರ್ಸ್‌ಗಳ ವಿಷಯಕ್ಕೆ ಬರೋಣ.

ಸಿಪಿಎಸ್‌ಎಂ ಕೊಡುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸಪ್ಲೈ ಮ್ಯಾನೇಜ್‌ಮೆಂಟ್. 1915ರಲ್ಲಿ ಶುರುವಾದ ಹಳೆಯ ಸಂಸ್ಥೆ. ಮೂರು ಪರೀಕ್ಷೆ, ಮೂರೂ ಬಹು ಆಯ್ಕೆಯ ಪ್ರಶ್ನೆಗಳು. ಪುಟಗಟ್ಟಲೆ ಬರೆಯುವ ಕಷ್ಟ ಇಲ್ಲ. ಹಾಗಾಗಿ ನಿಮಗೆ ಇದು ಹೊಂದುತ್ತದೆ ಎನ್ನುತ್ತಿದ್ದೇನೆ. ಡಿಗ್ರಿ ಇದ್ದವರಿಗೆ ಮೂರು ವರ್ಷದ ಅನುಭವ, ಇಲ್ಲದವರಿಗೆ ಐದು ವರ್ಷ ಬೇಕು. ನಿಮಗೆ ಏಳು ವರ್ಷ ಇದೆ, ಆದರೆ ಒಂದು ಎಚ್ಚರ. ಅದು ಗುಮಾಸ್ತಿಕೆಯ ಅನುಭವ ಆಗಿರಬಾರದು ಎಂಬ ಷರತ್ತಿದೆ. ಬರೀ ಪಿಒ ಟೈಪ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸಪ್ಲೈಯರ್ ಆಯ್ಕೆ, ದರ ಒಪ್ಪಂದ, ಆಡಿಟ್ ಇಂಥದ್ದರಲ್ಲಿ ನೀವು ಮಾಡಿದ ಕೆಲಸವನ್ನು ಈಗಿನಿಂದಲೇ ಬರೆದಿಡಿ, ಅನುಭವ ಪತ್ರದಲ್ಲಿ ಅದೇ ಬರುವ ಹಾಗೆ ನೋಡಿಕೊಳ್ಳಿ.

ಸಿಐಪಿಎಸ್ ಬ್ರಿಟನ್ನಿನದು. 1932ರಲ್ಲಿ ಹುಟ್ಟಿ 1992ರಲ್ಲಿ ರಾಯಲ್ ಚಾರ್ಟರ್ ಪಡೆದ ಸಂಸ್ಥೆ. ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ನಾಲ್ಕನೇ ಹಂತದ ಡಿಪ್ಲೊಮಾಗೆ ಡಿಗ್ರಿ ಇಲ್ಲದಿದ್ದರೂ ಕೆಲಸದ ಅನುಭವದ ಮೇಲೆ ಸೇರಬಹುದು. ಆರನೇ ಹಂತ ಮುಗಿಸಿ ಮೂರು ವರ್ಷದ ಅನುಭವ ತೋರಿಸಿದರೆ ಎಂಸಿಐಪಿಎಸ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳಬಹುದು. ಪಾಠ ಆಳವಾಗಿದೆ, ಕಾಂಟ್ರಾಕ್ಟ್ ಮತ್ತು ನೀತಿಯ ಭಾಗ ತುಂಬ ಚೆನ್ನಾಗಿದೆ. ಆದರೆ ಕೆಲವು ಪೇಪರ್‌ಗಳಲ್ಲಿ ಇಂಗ್ಲಿಷಿನಲ್ಲಿ ಉದ್ದುದ್ದ ಉತ್ತರ ಬರೆಯಲೇಬೇಕು, ವರ್ಷಗಳು ಹಿಡಿಯುತ್ತವೆ, ಶುಲ್ಕ ಪೌಂಡ್ ಲೆಕ್ಕದಲ್ಲಿ. ದುಬೈ, ದೋಹಾ ಕಡೆ ಹೋಗುವ ಯೋಚನೆ ಇದ್ದರೆ ಇದೇ ಸರಿ. ಅಲ್ಲಿನ ತೈಲ, ಕಟ್ಟಡ ಕಂಪನಿಗಳ ಜಾಹೀರಾತಿನಲ್ಲಿ ಎಂಸಿಐಪಿಎಸ್ ಕೇಳುವುದು ಸಾಮಾನ್ಯ. ಪೀಣ್ಯದಲ್ಲೇ ಇರುತ್ತೇನೆ ಎಂದರೆ ಅಷ್ಟು ಖರ್ಚು ಈಗಲೇ ಬೇಡ.

ಐಐಎಂಎಂ ನಮ್ಮ ದೇಶದ್ದೇ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್. ಬೆಂಗಳೂರಿನಲ್ಲಿ ಶಾಖೆ ಇದೆ. ಕೆಲಸದಲ್ಲಿ ಇರುವವರಿಗಾಗಿಯೇ ಡಿಪ್ಲೊಮಾ ನಡೆಸುತ್ತಾರೆ, ಖರ್ಚು ವಿದೇಶಿ ಸರ್ಟಿಫಿಕೇಟ್‌ಗಳಿಗಿಂತ ತುಂಬ ಕಡಿಮೆ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ ಪುಸ್ತಕದಲ್ಲಿಲ್ಲ, ಪಕ್ಕದ ಬೆಂಚಿನಲ್ಲಿದೆ. ಸಾರ್ವಜನಿಕ ಉದ್ಯಮದ ಸ್ಟೋರ್ಸ್ ಆಫೀಸರ್, ಔಷಧ ಕಂಪನಿಯ ಬೈಯರ್, ವಾಹನ ಬಿಡಿಭಾಗದವರು ಎಲ್ಲ ಒಂದೇ ಕ್ಲಾಸಿನಲ್ಲಿ ಸಿಗುತ್ತಾರೆ. ಪ್ರವೇಶಕ್ಕೆ ಯಾವ ಓದು ಬೇಕು ಎಂಬುದನ್ನು ಶಾಖೆಯಲ್ಲೇ ಕೇಳಿ, ಡಿಪ್ಲೊಮಾ ಇದ್ದವರಿಗೂ ಡಿಗ್ರಿ ಇದ್ದವರಿಗೂ ದಾರಿ ಬೇರೆ ಬೇರೆ. ಖರ್ಚೇ ಇಲ್ಲದೆ ರುಚಿ ನೋಡಬೇಕೆಂದರೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಐಐಟಿ ಅಧ್ಯಾಪಕರ ಸಪ್ಲೈ ಚೈನ್ ಪಾಠಗಳು ಉಚಿತವಾಗಿ ಸಿಗುತ್ತವೆ, ಪರೀಕ್ಷೆಗೆ ಮಾತ್ರ ಸಣ್ಣ ಶುಲ್ಕ.

ಸರ್ಕಾರಿ ಖರೀದಿ ಬೇರೆಯೇ ಲೋಕ. ಅಲ್ಲಿ 2017ರ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಗಳು), ಜೆಮ್ ಪೋರ್ಟಲ್ (ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ), ನಮ್ಮ ರಾಜ್ಯದಲ್ಲಾದರೆ 1999ರ ಕೆಟಿಪಿಪಿ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ) ಕಾಯ್ದೆ, ಇವು ಗೊತ್ತಿಲ್ಲದೆ ಹೆಜ್ಜೆ ಇಡುವಂತಿಲ್ಲ. ಖಾಸಗಿ ಕಂಪನಿಯಲ್ಲಿ ಇರುವ ನಿಮಗೆ ಸದ್ಯಕ್ಕೆ ಬೇಡ.

ಎರಡು ದಿನದ ವರ್ಕ್‌ಶಾಪ್ ಬಗ್ಗೆ ಕೇಳಿದ್ದಿರಿ. ಒಂದೇ ವಿಷಯ ಹಿಡಿದು ಮಾಡುವುದಾದರೆ ಎರಡು ದಿನ ಸಾಕಾಗುತ್ತದೆ. ಎರಕದ ಖರ್ಚಿನ ಲೆಕ್ಕ, ಶೀಟ್ ಮೆಟಲ್ ಖರ್ಚಿನ ಲೆಕ್ಕ, ಪಿಪಿಎಪಿ (ಉತ್ಪಾದನೆಗೆ ಮುನ್ನ ಭಾಗಕ್ಕೆ ಒಪ್ಪಿಗೆ ಪಡೆಯುವ ವಿಧಾನ), ಇನ್‌ಕೋಟರ್ಮ್ಸ್ 2020 (ಸಾಗಾಟದಲ್ಲಿ ಯಾವ ಖರ್ಚು ಯಾರದು ಎಂಬ ಅಂತರರಾಷ್ಟ್ರೀಯ ನಿಯಮಗಳು) ಇಂಥವು. ಬಾಲ್ ಸ್ಕ್ರೂ ತರಿಸುವ ನಿಮಗೆ ಎಫ್‌ಒಬಿ ದರ (ಹಡಗಿಗೆ ಏರಿಸುವವರೆಗಿನದು), ಸಿಐಎಫ್ ದರ (ಸಾಗಾಟ, ವಿಮೆ ಸೇರಿದ್ದು) ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಕಡಿಮೆ ಎಂದು ಹೇಳಲು ಬರಲೇಬೇಕು. 'ಎರಡು ದಿನದಲ್ಲಿ ಸ್ಟ್ರಾಟೆಜಿಕ್ ಸೋರ್ಸಿಂಗ್ ಸಂಪೂರ್ಣ' ಎಂದು ಕರೆದರೆ ಹೋಗಬೇಡಿ. ಮುಂಚೆಯೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಪಾಠ ಹೇಳುವವರು ಎಂದಾದರೂ ಖರೀದಿ ಅಥವಾ ಉತ್ಪಾದನೆಯಲ್ಲಿ ಇದ್ದರಾ? ನಮ್ಮ ಕಂಪನಿಯ ಒಂದು ಡ್ರಾಯಿಂಗ್ ತಂದರೆ ಅದರ ಮೇಲೆ ಲೆಕ್ಕ ಮಾಡಿಸುತ್ತೀರಾ? ಎರಡಕ್ಕೂ ಹೌದು ಎಂದರೆ ದುಡ್ಡು ಕಟ್ಟಿ. ಡ್ರಾಯಿಂಗ್ ಹೊರಗೆ ಒಯ್ಯುವ ಮುನ್ನ ಮ್ಯಾನೇಜರ್ ಒಪ್ಪಿಗೆ ಪಡೆಯಿರಿ, ಗ್ರಾಹಕರ ಹೆಸರು ಅಳಿಸಿ.

ಯಾವುದಕ್ಕೂ ಸೇರುವ ಮೊದಲು, ಈ ತಿಂಗಳೇ ಒಂದು ಕೆಲಸ ಮಾಡಿ. ಇಆರ್‌ಪಿ (ಕಂಪನಿಯ ವ್ಯವಹಾರ ದಾಖಲಿಸುವ ಸಾಫ್ಟ್‌ವೇರ್) ಒಳಗಿಂದ ಕಳೆದ ಹನ್ನೆರಡು ತಿಂಗಳ ಪಿಒಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಸಪ್ಲೈಯರ್ ಪ್ರಕಾರ, ಐಟಂ ಪ್ರಕಾರ ಕೂಡಿಸಿ. ಒಬ್ಬನೇ ಸಪ್ಲೈಯರ್ ಎರಡು ಕೋಡ್‌ನಲ್ಲಿ ಇರುವುದು, ಒಂದೇ ಬೋಲ್ಟ್ ಮೂರು ಹೆಸರಲ್ಲಿ ಮೂರು ದರಕ್ಕೆ ಬರುತ್ತಿರುವುದು, ತುರ್ತು ಎಂದು ದುಬಾರಿ ಬಾಡಿಗೆ ಕೊಟ್ಟು ತರಿಸಿದ್ದು, ಎಲ್ಲ ಹೊರಗೆ ಬರುತ್ತದೆ. ಅದನ್ನು ಕ್ರಾಲ್ಜಿಕ್ ಚೌಕಕ್ಕೆ ಹಾಕಿ ಒಂದೇ ಹಾಳೆಯಲ್ಲಿ ಮ್ಯಾನೇಜರ್‌ಗೆ ತೋರಿಸಿ. ಯಾವ ಮನೆಯ ವಸ್ತುಗಳಲ್ಲಿ ನಿಮ್ಮ ಕೈ ಕಟ್ಟಿದಂತಾಗುತ್ತದೋ ಅದಕ್ಕೆ ಬೇಕಾದ ತರಬೇತಿಯನ್ನೇ ಕೇಳಿ. ಆಮದು ಜಾಸ್ತಿ ಇದ್ದರೆ ಒಂದು, ಎರಕ ಜಾಸ್ತಿ ಇದ್ದರೆ ಇನ್ನೊಂದು. ಸುಮ್ನೆ ಎಲ್ಲರೂ ಮಾಡುತ್ತಾರೆ ಎಂದು ಸೇರುವುದಕ್ಕಿಂತ ಇದು ಮೇಲು, ಮತ್ತು ಕಂಪನಿಯಿಂದ ಶುಲ್ಕ ಕೇಳುವುದಕ್ಕೂ ನಿಮ್ಮ ಕೈಯಲ್ಲಿ ಒಂದು ಆಧಾರ ಇರುತ್ತದೆ.

ಶುಲ್ಕ ಕಂಪನಿಯೇ ಕೊಡುತ್ತದೆ ಎಂದರೆ ಬಾಂಡ್ ಬರುತ್ತದೆ, ಸಾಮಾನ್ಯವಾಗಿ ಒಂದೋ ಎರಡೋ ವರ್ಷ ಬಿಟ್ಟು ಹೋಗಬಾರದು ಅಂತ. ಸಹಿ ಹಾಕುವ ಮುನ್ನ ಮೂರು ವಿಷಯ ಬರಹದಲ್ಲಿ ಇರಲಿ: ನಡುವೆ ಬಿಟ್ಟರೆ ಪೂರ್ತಿ ಶುಲ್ಕ ಕಟ್ಟಬೇಕಾ ಅಥವಾ ಉಳಿದ ತಿಂಗಳಿನ ಲೆಕ್ಕಕ್ಕೆ ಮಾತ್ರವಾ; ಪರೀಕ್ಷೆಯಲ್ಲಿ ಫೇಲಾದರೆ ಎರಡನೇ ಸಲದ ಶುಲ್ಕ ಯಾರದು; ಪಾಸಾದ ಮೇಲೆ ಸೋರ್ಸಿಂಗ್ ತಂಡದಲ್ಲಿ ನಿಮ್ಮ ಹುದ್ದೆ ಯಾವುದು. ಮೂರನೆಯದಕ್ಕೆ ಉತ್ತರ ಕೊಡಲು ಹಿಂದೆ ಮುಂದೆ ನೋಡಿದರೆ, ಶುಲ್ಕ ನೀವೇ ಕಟ್ಟಿ ಓದಿ. ಸರ್ಟಿಫಿಕೇಟ್ ನಿಮ್ಮ ಹೆಸರಲ್ಲಿ ಬರುತ್ತದೆ, ಮುಂದೆ ಯಾವ ಕಂಪನಿಗೆ ಹೋದರೂ ನಿಮ್ಮ ಜೊತೆಗೇ ಇರುತ್ತದೆ.